ಹಳೆ ಮ್ಯಾನುವಲ್ ಫೋಕಸ್ ಟೆಲಿ ಲೆನ್ಸ್ ತಗೊಳ್ಳಬಹುದಾ? ಬಳಸಿದವರು ಹೇಳಿ

ಬದಿಯಡ್ಕದಿಂದ:
ನನ್ನ ಹತ್ತಿರ ನಿಕಾನ್ ಡಿ5600 ಇದೆ, ಕಿಟ್ ಲೆನ್ಸ್ ಮಾತ್ರ. ಪರಿಚಯದವರೊಬ್ಬರು ನಿಕ್ಕಾರ್ 300 ಎಂಎಂ ಎಫ್/4.5 ಇಡಿ-ಐಎಫ್, ಎಐ-ಎಸ್ ಲೆನ್ಸನ್ನು 16 ಸಾವಿರಕ್ಕೆ ಕೊಡುತ್ತೇನೆ ಅಂತಿದ್ದಾರೆ. ಕಿದೂರಿನ ಹಕ್ಕಿಗಳು, ಶಿರಿಯ ಅಳಿವೆ ಕಡೆ ಕಡಲ ಹದ್ದು, ಇಷ್ಟೇ ನನ್ನ ಆಸೆ. ಆಟೋಫೋಕಸ್ ಜೂಮ್‌ಗೆ ಈಗ ದುಡ್ಡಿಲ್ಲ. ನಿಮ್ಮ ಅನುಭವ ತಿಳಿಸಿ.

ಕುಂಬಳೆಯಿಂದ:
ಇದೇ ಲೆನ್ಸ್ ನನ್ನ ಹತ್ತಿರ ಇದೆ, ಡಿ7200ಕ್ಕೆ ಹಾಕುತ್ತೇನೆ. ಕಣ್ಣು ಮುಚ್ಚಿ ತಗೊಳ್ಳಿ. ರಿಂಗ್ ಎರಡು ಬೆರಳಲ್ಲೇ ತಿರುಗುತ್ತದೆ. ಒಳಗಿನ ಗಾಜು ಮಾತ್ರ ಸರಿಯುವುದರಿಂದ ಲೆನ್ಸ್ ಮುಂದಕ್ಕೆ ಉದ್ದವಾಗುವುದಿಲ್ಲ. ತೂಕ ಒಂದು ಕಿಲೋ ಒಳಗೆ. ಎರಡೂವರೆ ಮೀಟರ್ ಹತ್ತಿರದ್ದೂ ಫೋಕಸ್ ಆಗುತ್ತದೆ.

ಹಾರುವ ಗರುಡನ ಹಿಂದೆ ರಿಂಗ್ ತಿರುಗಿಸುತ್ತಾ ಓಡಿದರೆ ಒಂದೂ ಸಿಗುವುದಿಲ್ಲ. ಅದು ಬರುವ ದಾರಿಯಲ್ಲಿ ಮೊದಲೇ ಫೋಕಸ್ ಇಟ್ಟು, ಆ ಜಾಗಕ್ಕೆ ಬಂದಾಗ ಒತ್ತಬೇಕು. ಕೂತ ಹಕ್ಕಿಯಲ್ಲೂ ಸಡಿಲ ಬಿಡಬೇಡಿ. ಹತ್ತು ಮೀಟರ್ ದೂರದಲ್ಲಿ ಎಫ್/4.5ಗೆ ಚೊಕ್ಕವಾಗಿ ಸಿಗುವುದು ಸುಮಾರು 20 ಸೆಂ.ಮೀ. ಆಳ ಮಾತ್ರ. ಐದು ಮೀಟರಿಗೆ ಬಂದರೆ ಬರೀ ಐದು. ಕಣ್ಣಿಗೇ ಇಡಿ.

ಇನ್ನೊಂದು, ಈ ಲೆನ್ಸಿನ ರಿಂಗ್ ಇನ್ಫಿನಿಟಿ (ಅತಿ ದೂರ) ಗುರುತಿನಲ್ಲಿ ನಿಲ್ಲುವುದಿಲ್ಲ, ಇನ್ನೂ ಸ್ವಲ್ಪ ಮುಂದೆ ಹೋಗುತ್ತದೆ. ಬಿಸಿಲಿನ ಕಾವಿಗೆ ಇಡಿ ಎಂಬ ವಿಶೇಷ ಗಾಜಿನ ಫೋಕಸ್ ಸರಿಯುತ್ತದೆ ಅಂತಲೇ ಹಾಗೆ ಮಾಡಿದ್ದು. ಕೆಟ್ಟಿದೆ ಅಂತ ವಾಪಸ್ ಕೊಟ್ಟವರಿದ್ದಾರೆ. ದೂರದ ಹಕ್ಕಿಗೂ ಕಣ್ಣಲ್ಲಿ ನೋಡಿಯೇ ಫೋಕಸ್ ಮಾಡಿ, ರಿಂಗನ್ನು ಕೊನೆಗೆ ತಿರುಗಿಸಿ ಬಿಟ್ಟುಬಿಡಬೇಡಿ.

ಮಂಜೇಶ್ವರದಿಂದ:
ಈ "ಕಣ್ಣು ಮುಚ್ಚಿ ತಗೊಳ್ಳಿ" ಅನ್ನುವವರಿಂದಲೇ ನನ್ನ ದುಡ್ಡು ನೀರಿಗೆ ಹೋಯಿತು. ಲೆಕ್ಕ ಹೇಳುತ್ತೇನೆ, ಕೇಳಿ. ಕ್ಯಾನನ್ ಎಫ್‌ಡಿ 300 ಎಂಎಂ ಎಫ್/4 (ಎಫ್‌ಡಿ ಅಂದರೆ ಕ್ಯಾನನ್ನಿನ ಹಳೆ ಮೌಂಟ್, ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಬಾಯಿ), 11,500. ನನ್ನದು ಆಮೇಲೆ ಬಂದ ಇಎಫ್ ಮೌಂಟಿನ ಡಿಎಸ್‌ಎಲ್‌ಆರ್. ಅಡಾಪ್ಟರ್ ಹಾಕಿದರೆ ಆಯಿತು ಅಂದ ಮಾರಿದವನು. ಅಡಾಪ್ಟರ್ 1,900. ಹಾಕಿ ನೋಡಿದರೆ ದೂರದ್ದು ಯಾವುದೂ ಫೋಕಸ್ ಆಗಲಿಲ್ಲ. ಎಫ್‌ಡಿ ಲೆನ್ಸಿಗೆ ಮೌಂಟಿನಿಂದ ಸೆನ್ಸರಿಗೆ 42 ಮಿ.ಮೀ. ಇರಬೇಕು, ಇಎಫ್ ಕ್ಯಾಮೆರಾದಲ್ಲಿ 44 ಇದೆ. ಆ ಎರಡು ಮಿಲಿಮೀಟರಿಗೋಸ್ಕರ ಗಾಜಿರುವ ಇನ್ನೊಂದು ಅಡಾಪ್ಟರ್, 3,200. ಫೋಕಸ್ ಬಂತು, ಚಿತ್ರ ಮಾತ್ರ ಮಂಕು. ಬೆಳ್ಳಕ್ಕಿಯ ರೆಕ್ಕೆ ಅಂಚಿಗೆಲ್ಲ ನೇರಳೆ ಗೆರೆ.

ಮಳೆಗಾಲ ಮುಗಿದ ಮೇಲೆ ತೆಗೆದರೆ ಒಳಗಾಜಿಗೆ ಬೂಸ್ಟು ಹಿಡಿದಿತ್ತು. ಅಂಚಿನಿಂದ ನಡುವಿನ ಕಡೆಗೆ ಬಿಳಿ ಬಿಳಿ ಎಳೆಗಳು. ಮಂಗಳೂರಿಗೆ ಒಯ್ದೆ. ಬಿಚ್ಚಿ ಒರೆಸಲು 2,800. ವಾಪಸ್ ಬಂದಾಗ ರಿಂಗ್ ಗಟ್ಟಿ, ಬೆಳಕಿನ ಕಿಂಡಿಯನ್ನು ಕಿರಿದು ಮಾಡುವ ಅಪರ್ಚರ್ ಎಲೆಗಳ ಮೇಲೆ ಎಣ್ಣೆ. ಕೇಳಿದರೆ "ಮೊದಲೇ ಹಾಗಿತ್ತು" ಅಂದರು. ಒಟ್ಟು 19,400, ಬಸ್ ಚಾರ್ಜ್ ಬಿಟ್ಟು. ಇದಕ್ಕೆ ಇನ್ನಷ್ಟು ಸೇರಿಸಿ ಸೆಕೆಂಡ್ ಹ್ಯಾಂಡ್ ಆಟೋಫೋಕಸ್ ಜೂಮ್ ತಗೊಳ್ಳಬಹುದಿತ್ತು, ಅಲ್ವಾ?

ನೀರ್ಚಾಲಿನಿಂದ:
ಮಂಜೇಶ್ವರದವರೇ, ಅದು ಲೆನ್ಸಿನ ತಪ್ಪಲ್ಲ. ಆ ಕ್ಯಾಮೆರಾಕ್ಕೆ ಆ ಲೆನ್ಸ್ ಸೇರುವುದಿಲ್ಲ, ಅಷ್ಟೇ. ನಾನು ತಿರುಪಿನ ಮೌಂಟಿನ 300 ಎಂಎಂ ಟಾಕುಮಾರ್ ಎಂಬ ಹಳೆ ಲೆನ್ಸನ್ನು ಒಳಗೆ ಕನ್ನಡಿ ಇಲ್ಲದ ಸೋನಿ ಮಿರರ್‌ಲೆಸ್‌ಗೆ ಹಾಕಿದ್ದೇನೆ. ಅಲ್ಲಿ ಮೌಂಟಿನಿಂದ ಸೆನ್ಸರಿಗೆ 18 ಮಿ.ಮೀ. ಮಾತ್ರ. ಹಾಗಾಗಿ ಅಡಾಪ್ಟರ್ ಅಂದರೆ ಬರೀ ಖಾಲಿ ಕೊಳವೆ. ಫೋಕಸ್ ಪೀಕಿಂಗ್‌ನಲ್ಲಿ ಅಂಚು ಕೆಂಪಾಗಿ ಕಾಣುತ್ತದೆ. ಅದನ್ನೇ ನಂಬಬೇಡಿ, ಚಿತ್ರ ದೊಡ್ಡದು ಮಾಡಿ ಕಣ್ಣು ನೋಡಿ. ಬಾಡಿಯೊಳಗೆ ಸ್ಟೆಬಿಲೈಸೇಶನ್ ಇದ್ದರೆ ಮೆನುವಿನಲ್ಲಿ 300 ಅಂತ ನೀವೇ ಹಾಕಬೇಕು. ಹಳೆ ಲೆನ್ಸ್ ತಾನಾಗಿ ಏನನ್ನೂ ಹೇಳುವುದಿಲ್ಲ.

ಬೂಸ್ಟಿನ ವಿಷಯ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸನ್ನು ಕಪಾಟಿನಲ್ಲಿ ಇಡುವುದೇ ತಪ್ಪು. ಚರ್ಮದ ಚೀಲದಲ್ಲಿ ಇಟ್ಟರಂತೂ ಕೇಳುವುದೇ ಬೇಡ. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ತೇವಾಂಶ ಅಳೆಯುವ ಪುಟ್ಟ ಮೀಟರ್. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಬೇಕು.

ಮಂಜೇಶ್ವರದಿಂದ:
ಡಬ್ಬದ ಪಾಠ ನನಗೆ ಬೇಡ. ನಿಮ್ಮ ಮಿರರ್‌ಲೆಸ್ ಬಾಡಿಗೆ ಎಷ್ಟಾಯಿತು, ಅದನ್ನು ಹೇಳಿ ಮೊದಲು.

ನೀರ್ಚಾಲಿನಿಂದ:
38 ಸಾವಿರ, ಸೆಕೆಂಡ್ ಹ್ಯಾಂಡ್. ಅದು ಹಳೆ ಲೆನ್ಸಿಗೋಸ್ಕರ ಕೊಂಡದ್ದಲ್ಲ. ಮದುವೆ ಫೋಟೋ ಕೆಲಸಕ್ಕೆ ಹೇಗೂ ಬೇಕಿತ್ತು. ಸುಮ್ನೆ ಎರಡನ್ನೂ ಕೂಡಿಸಬೇಡಿ.

ಅಡೂರಿನಿಂದ:
ಹಕ್ಕಿ ಬಿಡಿ. ದೈವ ಕೆಂಡಕ್ಕೆ ಬೀಳುವ ಒತ್ತೆಕೋಲದಲ್ಲಿ ನನ್ನ ಹಳೆ 200 ಎಂಎಂ ಎಫ್/4 ಮಾಡಿದ ಕೆಲಸ ಯಾವ ಆಟೋಫೋಕಸ್ಸೂ ಮಾಡಲಿಲ್ಲ. ಬೆಳಗಿನ ಜಾವ ವಿಷ್ಣುಮೂರ್ತಿ ಕೆಂಡಕ್ಕೆ ಬೀಳುವಾಗ ಹೊಗೆ, ಕಿಡಿ, ಜನರ ಕೈ, ಎಲ್ಲ ಅಡ್ಡ ಬರುತ್ತದೆ. ಪಕ್ಕದವರ ಲೆನ್ಸ್‌ಗಳು ಹಿಂದೆ ಮುಂದೆ ಗುರ್ರೆನ್ನುತ್ತಾ ಇದ್ದವು. ನಾನು ಕೆಂಡದ ರಾಶಿಯ ಅಂಚಿಗೆ ಫೋಕಸ್ ಇಟ್ಟು ರಿಂಗಿಗೆ ಟೇಪ್ ಅಂಟಿಸಿದ್ದೆ. ಮುಡಿಯ ಕೆಳಗೆ ಬೆವರು ಹರಿದ ಗೆರೆ ಕೂಡ ಸ್ಪಷ್ಟ ಬಂದಿದೆ.

ಕುಂಬಳೆಯಿಂದ:
ಅಡೂರಿನವರೇ, ಅಲ್ಲಿ ಕ್ಯಾಮೆರಾ ಹಿಡಿದವರ ಸಾಲೇ ಭಕ್ತರಿಗೆ ಅಡ್ಡ ನಿಂತಿರುತ್ತದೆ. ವಯಸ್ಸಾದವರು ಹಿಂದಿನಿಂದ ಇಣುಕುತ್ತಾ ಇರುತ್ತಾರೆ. ಟೆಲಿ ಇರುವವರು ದೂರ ನಿಲ್ಲಬೇಕಲ್ವಾ?

ಅಡೂರಿನಿಂದ:
ನಾನು ನಿಂತದ್ದು ಕಟ್ಟೆಯ ಆಚೆ, ದೂರದಲ್ಲಿ. ಅದಕ್ಕೇ 200 ಎಂಎಂ. ಫ್ಲ್ಯಾಶ್ ನನ್ನ ಚೀಲದಲ್ಲೇ ಇರುವುದಿಲ್ಲ. ಮುಂದೆ ನುಗ್ಗುವುದು ಮೊಬೈಲಿನವರು. ಅವರಿಗೆ ಹೇಳಿ.

ಕುಂಬಳೆಯಿಂದ:
ಮೊಬೈಲಿನವರ ಮೇಲೆ ಹಾಕಿ ಜಾರಿಕೊಳ್ಳಬೇಡಿ. ದೊಡ್ಡ ಲೆನ್ಸ್ ಕಂಡರೆ ಸಮಿತಿಯವರೇ ದಾರಿ ಬಿಡುತ್ತಾರೆ, ಅದೇ ತೊಂದರೆ.

ಪೆರ್ಲದಿಂದ:
ಕೇಳಿದವರ ಕ್ಯಾಮೆರಾ ಡಿ5600 ಅಂತ ಯಾರೂ ನೋಡಲಿಲ್ಲವಾ? ಡಿ7200ರಲ್ಲಿ ಲೆನ್ಸಿನ ವಿವರ ತುಂಬಿಸಿದರೆ ಬೆಳಕು ಅಳೆಯುವ ಮೀಟರ್ ನಡೆಯುತ್ತದೆ. 5600ರಲ್ಲಿ ಈ ಲೆನ್ಸಿಗೆ ಮೀಟರೇ ಇಲ್ಲ, ಶಟರ್, ಅಪರ್ಚರ್ ಎರಡನ್ನೂ ನಾವೇ ಇಡುವ ಎಂ ಮೋಡ್ ಒಂದೇ. ನಾನು ಡಿ5300ರಲ್ಲಿ ಹೀಗೇ ದುಡಿದವನು. ನೆತ್ತಿ ಬಿಸಿಲಿಗೆ ಐಎಸ್‌ಒ 200, ಎಫ್/5.6, 1/1600ರಿಂದ ಶುರು ಮಾಡಿ. ಬಿಳಿ ಹೊಟ್ಟೆಯ ಕಡಲ ಹದ್ದಾದರೆ 1/2000. ಇಲ್ಲದಿದ್ದರೆ ಹೊಟ್ಟೆಯ ಗರಿಗಳೆಲ್ಲ ಸುಣ್ಣ ಬಳಿದ ಹಾಗೆ ಬರುತ್ತವೆ. ಹಿಸ್ಟೋಗ್ರಾಂ (ಚಿತ್ರದ ಬೆಳಕಿನ ನಕ್ಷೆ) ನೋಡಿ ಹೆಚ್ಚು ಕಮ್ಮಿ ಮಾಡಿ. ಫೋಕಸ್ ಸರಿಯಾದಾಗ ವ್ಯೂಫೈಂಡರಿನ ಕೆಳಗೆ ಹಸಿರು ಚುಕ್ಕೆ ನಿಲ್ಲುತ್ತದೆ. ಎಫ್/5.6ಕ್ಕಿಂತ ಕತ್ತಲೆಯ ಲೆನ್ಸ್ ಅಲ್ಲದ್ದರಿಂದ ಅದು ನಿಮಗೂ ಕೆಲಸ ಮಾಡುತ್ತದೆ.

ದುಡ್ಡು ಕೊಡುವ ಮೊದಲು ಅಪರ್ಚರ್ ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಎಳೆ ಕಂಡರೆ ಬಿಟ್ಟುಬಿಡಿ. ಎಲೆಗಳು ಒಣಗಿರಬೇಕು, ಹಿಂದಿನ ಪುಟ್ಟ ಲಿವರ್ ತಳ್ಳಿ ಬಿಟ್ಟಾಗ ಪಟ್ಟನೆ ಮುಚ್ಚಬೇಕು. ಮತ್ತೆ, 16 ಜಾಸ್ತಿಯಾಯಿತು. 12ಕ್ಕೆ ಕೇಳಿ.

ಕುಂಬಳೆಯಿಂದ:
ಲೆನ್ಸನ್ನು ಟ್ರೈಪಾಡಿಗೆ ಕೂರಿಸುವ ಬಳೆ, ಟ್ರೈಪಾಡ್ ಕಾಲರ್, ಜೊತೆಗಿದ್ದರೆ 16 ಜಾಸ್ತಿಯೇನಲ್ಲ. ಅದೊಂದನ್ನೇ ಹುಡುಕಿ ಬೇರೆ ಕೊಳ್ಳಲು ಹೋಗಿ ನೋಡಿ, ಗೊತ್ತಾಗುತ್ತದೆ.

ಮಂಜೇಶ್ವರದಿಂದ:
ನನ್ನ ಎಫ್‌ಡಿ ಈಗಲೂ ಇದೆ. ಬೂಸ್ಟು ತೆಗೆಸಿದ್ದು. ಮಿರರ್‌ಲೆಸ್ ಇರುವವರು ಯಾರಾದರೂ 6 ಸಾವಿರಕ್ಕೆ ತಗೊಂಡು ಹೋಗಿ, ಎರಡೂ ಅಡಾಪ್ಟರ್ ಸೇರಿಸಿಯೇ ಕೊಡುತ್ತೇನೆ.