ಟಿಬೆಟಿಯನ್ ಗೆಳೆಯರ ಕಾರ್ಯಕ್ರಮಕ್ಕೆ ಜೊತೆ ನಿಲ್ಲುತ್ತಿದ್ದೇವೆ, ಮಾಡಿದವರು ಅನುಭವ ಹೇಳಿ

ಎಂಎ_ಮೈಸೂರು:
ಎಲ್ಲರಿಗೂ ನಮಸ್ಕಾರ. ನಮ್ಮ ತರಗತಿಯಲ್ಲಿ ಬೈಲಕುಪ್ಪೆಯ ಇಬ್ಬರು ಟಿಬೆಟಿಯನ್ ಗೆಳೆಯರಿದ್ದಾರೆ. ಇಲ್ಲೇ ಹುಟ್ಟಿದವರು, ಕನ್ನಡದಲ್ಲಿ ಜಗಳಕ್ಕೆ ನಿಂತರೆ ನಾನೇ ಸೋಲುತ್ತೇನೆ. ಮೇ 17ಕ್ಕೆ ಪಂಚೆನ್ ಲಾಮಾ (ದಲೈ ಲಾಮಾ ನಂತರದ ದೊಡ್ಡ ಟಿಬೆಟಿಯನ್ ಗುರು) ಬಗ್ಗೆ ಒಂದು ಸಣ್ಣ ಕಾರ್ಯಕ್ರಮ ಮಾಡಬೇಕು ಅಂತಿದ್ದಾರೆ. 1995ರಲ್ಲಿ ಹೊಸ ಪಂಚೆನ್ ಲಾಮಾ ಅಂತ ದಲೈ ಲಾಮಾ ಗುರುತಿಸಿದ ಮೂರೇ ದಿನಕ್ಕೆ ಆರು ವರ್ಷದ ಆ ಹುಡುಗನನ್ನು ಚೀನಾದವರು ಹಿಡಿದುಕೊಂಡು ಹೋದ ದಿನ ಅದು. ಒಂದು ಫೋಟೋ ಪ್ರದರ್ಶನ, ಒಂದು ಭಾಷಣ, ವಿಶ್ವಸಂಸ್ಥೆಗೆ ಒಂದು ಪತ್ರ. ಇಷ್ಟೇ. ಅನುಮತಿ ಅರ್ಜಿಗೆ ಸಹಿ ಹಾಕಲು ಊರಿನವರು ಬೇಕು ಅಂತ ನಮ್ಮನ್ನು ಕೇಳಿದ್ದಾರೆ. ಕೈಯಲ್ಲಿ ಹದಿನೈದು ಸಾವಿರ ಇದೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ, ದುಡ್ಡು ಎಲ್ಲಿ ಸೋರುತ್ತದೆ, ಗೊತ್ತಿದ್ದವರು ಹೇಳಿ.

ಕುಶಾಲನಗರದ_ಮೇಷ್ಟ್ರು:
ಒಳ್ಳೆ ಕೆಲಸ ತಮ್ಮಾ. ನಾವು ಡಿಸೆಂಬರ್ 10ಕ್ಕೆ ಮಾಡಿದ್ದೆವು. ಮಾನವ ಹಕ್ಕುಗಳ ದಿನ, 1989ರಲ್ಲಿ ದಲೈ ಲಾಮಾ ನೊಬೆಲ್ ತೆಗೆದುಕೊಂಡ ದಿನವೂ ಹೌದು. ಲೆಕ್ಕ ಇನ್ನೂ ಡೈರಿಯಲ್ಲಿದೆ, ಕೇಳು. ಸಭಾಂಗಣಕ್ಕೆ ಮುಂಗಡ 4000. ಮೈಕ್ ಸೆಟ್ 2500, ಆಮೇಲೆ ಜನರೇಟರ್ ಅಂತ 800 ಜಾಸ್ತಿ. ಫ್ಲೆಕ್ಸ್ 12ಕ್ಕೆ 8 ಅಡಿ, ಚದರ ಅಡಿಗೆ 15ರಂತೆ 1440. ಈ ಫ್ಲೆಕ್ಸ್ ಕಥೆ ಹೇಳಲೇಬೇಕು. ಟಿಬೆಟಿಯನ್ ಲಿಪಿಯಲ್ಲಿ ನಮ್ಮ ಒತ್ತಕ್ಷರದ ಹಾಗೆ ಒಂದರ ಕೆಳಗೊಂದು ಅಕ್ಷರ ಕೂರುತ್ತದೆ. ಪ್ರೆಸ್ ಹುಡುಗನ ಕಂಪ್ಯೂಟರಿನಲ್ಲಿ ಎಲ್ಲ ಬಿಡಿಬಿಡಿಯಾಗಿ ಸಾಲಾಗಿ ನಿಂತುಬಿಟ್ಟಿತ್ತು. ಗೋಡೆಗೆ ಕಟ್ಟಿದ ಮೇಲೆ ಒಬ್ಬ ಲಾಮಾ ಬಂದು ಓದಲು ನೋಡಿ ನಕ್ಕುಬಿಟ್ಟರು. ಮತ್ತೆ 1440. ಫಾಂಟ್ ಕಳಿಸಬೇಡಿ, ಅಕ್ಷರವನ್ನು ಚಿತ್ರ ಮಾಡಿಯೇ ಕೊಡಿ.

ಹಿಂದಿನ ರಾತ್ರಿ ಸಭಾಂಗಣದವರು ಫೋನ್ ಮಾಡಿ, 'ಮೇಲಿಂದ ಹೇಳಿದ್ದಾರೆ, ಆಗಲ್ಲ' ಅಂದರು. ಯಾವ ಮೇಲು, ಯಾರು ಹೇಳಿದ್ದು, ಇವತ್ತಿಗೂ ಗೊತ್ತಿಲ್ಲ. ಮುಂಗಡವೂ ವಾಪಸ್ ಬರಲಿಲ್ಲ. ಕೊನೆಗೆ ಒಬ್ಬ ಶುಂಠಿ ವ್ಯಾಪಾರಿ ಗೋಡೌನ್ ಬಿಟ್ಟುಕೊಟ್ಟರು. ಫೋಟೋಗಳಿಗೆಲ್ಲ ಶುಂಠಿ ಮಣ್ಣಿನ ವಾಸನೆ. ಆದರೂ ಜನ ಬಂದರು. 1959ರ ನಂತರ ಗಡಿ ದಾಟಿ ಬಂದ ಹಿರಿಯರ ಹೆಸರು, ಊರು, ಅಲ್ಲೇ ಉಳಿದ ಅಣ್ಣ ತಮ್ಮಂದಿರ ಫೋಟೋ, ಎಲ್ಲ ಹಾಕಿದ್ದೆವು. ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಆ ಒಂದು ದಿನ ಮಾಡಿದ್ದು ಅದಕ್ಕಿಂತ ದೊಡ್ಡದು ಅನ್ನಿಸುತ್ತದೆ.

ಪಾರ್ಕ್‌ಡೇಲ್_ಅಕ್ಕ:
ಮೇಷ್ಟ್ರೇ, ಅಲ್ಲೇ ಉಳಿದವರ ಹೆಸರು, ಊರು, ಫೋಟೋ, ಮೂರನ್ನೂ ಗೋಡೆಗೆ ಹಾಕಿದಿರಾ? ಬಂದವರೆಲ್ಲ ಮೊಬೈಲಿನಲ್ಲಿ ಹೊಡೆದುಕೊಂಡು ಹೋಗಿರುತ್ತಾರೆ ಅಲ್ವಾ?

ನಾನಿರುವುದು ಟೊರೊಂಟೊದ ಪಾರ್ಕ್‌ಡೇಲ್ ಹತ್ತಿರ. ಇಲ್ಲಿ ಟಿಬೆಟಿಯನ್ನರು ತುಂಬ. ಬೈಲಕುಪ್ಪೆ, ಮುಂಡಗೋಡದಿಂದ ಬಂದವರೂ ಇದ್ದಾರೆ, ಬಸ್ಸಿನಲ್ಲಿ ಕನ್ನಡ ಕೇಳಿ ತಿರುಗಿ ನೋಡಿದರೆ ಅವರೇ. ನನ್ನ ಗೆಳತಿ ಒಬ್ಬಳು ಒಂದು ಮೆರವಣಿಗೆಯಲ್ಲಿ ಎರಡು ಮಾತಾಡಿದಳು. ವಿಡಿಯೋ ಹರಿದಾಡಿತು. ವಾರ ಕಳೆಯುವುದರೊಳಗೆ ಟಿಬೆಟಿನ ಆಮ್ದೋ ಪ್ರಾಂತ್ಯದಲ್ಲಿರುವ ಅವಳ ಅಣ್ಣನನ್ನು ಪೊಲೀಸರು ಕರೆಸಿ, 'ತಂಗಿಗೆ ಬುದ್ಧಿ ಹೇಳು' ಅಂದರಂತೆ. ಅಣ್ಣ ಅಷ್ಟನ್ನು ಹೇಳಿ ಫೋನ್ ಇಟ್ಟವರು, ಆಮೇಲೆ ಇವಳ ನಂಬರನ್ನೇ ತೆಗೆದುಬಿಟ್ಟರು. ಅವರ ಅಮ್ಮ ತೀರಿಕೊಂಡ ಸುದ್ದಿ ಬೇರೆ ಯಾರಿಂದಲೋ ಬಂತು. ಇಂಡಿಯಾದಲ್ಲಿರುವವರಿಗಂತೂ 2020ರ ಜೂನ್‌ನಲ್ಲಿ ಚೀನಾದ ವಿ-ಚಾಟ್ ಆ್ಯಪ್ ನಿಂತ ಮೇಲೆ ಊರಿನ ದನಿ ಕೇಳುವುದೇ ಕಷ್ಟವಾಯಿತು. ಇದನ್ನೆಲ್ಲ ನೋಡಿದವಳು ನಾನು. ಅದಕ್ಕೇ ಸಿಟ್ಟು.

ಪತ್ರದ ವಿಷಯ. ವಿಶ್ವಸಂಸ್ಥೆಯಲ್ಲಿ ಚೀನಾದ ಮಾನವ ಹಕ್ಕು ಪರಿಶೀಲನೆ 2024ರ ಜನವರಿಯಲ್ಲಿ ಜಿನೀವಾದಲ್ಲಿ ಆಯಿತು. ಅದಕ್ಕೆ ತಿಂಗಳುಗಳ ಮೊದಲೇ ವರದಿ ಕೊಡಬೇಕಿತ್ತು. ಒಂದು ಸಂಸ್ಥೆಗೆ 2815 ಪದ, ಹಲವರು ಸೇರಿ ಕೊಟ್ಟರೆ 5630. ಒಂದು ಪದ ಜಾಸ್ತಿ ಆದರೂ ಭಯ. ನಾವು ಕೂತು ಕತ್ತರಿಸಿದ್ದು ನೋಡಬೇಕಿತ್ತು. ಚೀನಾ ಸರ್ಕಾರದ ವಸತಿ ಶಾಲೆಗಳ ಬಗ್ಗೆ ಒಂದು ಇಡೀ ಭಾಗ ಬರೆದಿದ್ದೆವು. 2023ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ತಜ್ಞರೇ ಹೇಳಿದ್ದಾರೆ, ಸುಮಾರು ಹತ್ತು ಲಕ್ಷ ಟಿಬೆಟಿಯನ್ ಮಕ್ಕಳು ಅಂಥ ಶಾಲೆಗಳಲ್ಲಿದ್ದಾರೆ ಅಂತ. ಆ ಇಡೀ ಭಾಗ ನಾಲ್ಕು ಸಾಲಿಗೆ ಇಳಿಯಿತು. ನನ್ನ ಗೆಳತಿ ಅತ್ತಳು. ಇನ್ನು ಕಾಣೆಯಾದವರ ವಿಷಯ ನೋಡುವ ವಿಶ್ವಸಂಸ್ಥೆಯ ಕಾರ್ಯತಂಡಕ್ಕೆ ಬರೆಯುವುದಾದರೆ ಮನೆಯವರೇ ಬರೆಯಬೇಕು, ಇಲ್ಲ ಮನೆಯವರ ಸ್ಪಷ್ಟ ಒಪ್ಪಿಗೆ ಬೇಕು. ಪಂಚೆನ್ ಲಾಮಾ ವಿಷಯದಲ್ಲಿ ಮನೆಯವರೇ ಕಾಣೆ. 2020ರಲ್ಲಿ ಚೀನಾ ಹೇಳಿದ್ದಿಷ್ಟೇ: ಪದವಿ ಮುಗಿದಿದೆ, ಕೆಲಸದಲ್ಲಿದ್ದಾರೆ, ತೊಂದರೆ ಕೊಡಬೇಡಿ. ಈಗಿನ ಒಂದು ಫೋಟೋ ಕೂಡ ಕೊಟ್ಟಿಲ್ಲ.

ಕುಶಾಲನಗರದ_ಮೇಷ್ಟ್ರು:
ಅಮ್ಮಾ, ಹೆಸರು ಹಾಕಿ ಅಂದವರು ಆ ಹಿರಿಯರೇ. 'ಹೆಸರು ಮುಚ್ಚಿಟ್ಟರೆ ನಾವು ಇರಲೇ ಇಲ್ಲ ಅಂತಾಗುತ್ತದೆ' ಅಂದರು. ಎಂಬತ್ತು ದಾಟಿದವರಿಗೆ ನಾನು ಬುದ್ಧಿ ಹೇಳಲೇ? ಟೊರೊಂಟೊದಲ್ಲಿ ಕೂತು ಹೇಳುವುದು ಸುಲಭ.

ಪಾರ್ಕ್‌ಡೇಲ್_ಅಕ್ಕ:
ಅವರ ಹೆಸರಿಗೆ ಅವರ ಒಪ್ಪಿಗೆ ಸರಿ. ಫೋಟೋದಲ್ಲಿರುವ ತಮ್ಮನ ಒಪ್ಪಿಗೆ ಯಾರು ಕೊಟ್ಟರು? ಕೇಳಿದ್ದು ಅದನ್ನ.

ಕಪ್ಪುಕೋಟು_ಬೆಂಗಳೂರು:
ಫೋಟೋ ಜಗಳ ಆಮೇಲೆ. ಕಾನೂನು ಕೇಳಿ. ಸಂವಿಧಾನದ 21ನೇ ವಿಧಿ, ಅಂದರೆ ಬದುಕುವ ಹಕ್ಕು, ಈ ನೆಲದಲ್ಲಿರುವ ಎಲ್ಲರಿಗೂ. 1996ರಲ್ಲಿ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಹೇಳಿದೆ. ಆದರೆ ಮಾತಿನ ಹಕ್ಕು, ಸಭೆ ಸೇರುವ ಹಕ್ಕು 19ನೇ ವಿಧಿಯಲ್ಲಿದೆ, ಅದು ನಾಗರಿಕರಿಗೆ ಮಾತ್ರ. ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಅದಕ್ಕೇ ಸಹಿ ನಿಮ್ಮದು ಇರಲಿ ಅಂತ ಅವರು ಕೇಳಿರುವುದು, ಸುಮ್ನೆ ಅಲ್ಲ.

ನನ್ನ ಒಬ್ಬ ಟಿಬೆಟಿಯನ್ ಕಕ್ಷಿದಾರನ ಕಥೆ. 2019ರ ಅಕ್ಟೋಬರ್‌ನಲ್ಲಿ ಷಿ ಜಿನ್‌ಪಿಂಗ್ ಮಾಮಲ್ಲಪುರಕ್ಕೆ ಬಂದಾಗ ಚೆನ್ನೈ ಕಡೆ ಟಿಬೆಟಿಯನ್ ವಿದ್ಯಾರ್ಥಿಗಳನ್ನು ಮುಂಚೆಯೇ ಹಿಡಿದಿಟ್ಟಿದ್ದರು. ಅಂಥದ್ದೇ ಇನ್ನೊಂದು ಸಂದರ್ಭದಲ್ಲಿ ಈ ಹುಡುಗನನ್ನು ಕರೆದೊಯ್ದು ಸಂಜೆಗೆ ಬಿಟ್ಟರು. ಕೇಸೇ ಆಗಲಿಲ್ಲ. ಆದರೆ ಆರ್‌ಸಿ (ಇಲ್ಲಿರಲು ಬೇಕಾದ ನೋಂದಣಿ ಪತ್ರ) ನವೀಕರಣಕ್ಕೆ ಹೋದಾಗ ಕಡತ ಮೇಜಿಂದ ಮೇಜಿಗೆ ಅಲೆಯಿತು. ಆರ್‌ಸಿ ಇಲ್ಲದೆ ಐಸಿ ಇಲ್ಲ, ಪಾಸ್‌ಪೋರ್ಟ್ ಬದಲಿಗೆ ಕೊಡುವ ಆ ಹಳದಿ ಪುಸ್ತಕ ಇಲ್ಲದೆ ವಿಮಾನ ಇಲ್ಲ. ಜರ್ಮನಿಯಲ್ಲಿ ಸಿಕ್ಕಿದ್ದ ಸೀಟು ಹೋಯಿತು. ಕಟ್ಟಿದ್ದ ಮುಂಗಡ 62,000 ಹೋಯಿತು. ನೋಟರಿ, ಭಾಷಾಂತರ ಪುಟಕ್ಕೆ 300, ಕೊರಿಯರ್, ಎಲ್ಲ ಸೇರಿ ಇನ್ನೊಂದು 9000. ನಾನು ಫೀಸು ತೆಗೆದುಕೊಂಡಿಲ್ಲ. ಆ ಮಾತು ಯಾರೂ ಆಡುವುದಿಲ್ಲ, ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಅವನ ತಂದೆ 1984ರಲ್ಲಿ ಇಲ್ಲೇ ಹುಟ್ಟಿದವರು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು. ನಮ್ಮ ಹೈಕೋರ್ಟೇ 2013ರಲ್ಲಿ ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತದೆ ಅಂದಿದೆ. ಪಾಸ್‌ಪೋರ್ಟ್ ಮಾಡಿಸಿ ಅಂತ ಎಷ್ಟು ಹೇಳಿದೆ. ಅದಕ್ಕೆ ಸರ್ಕಾರ 2017ರಲ್ಲಿ ಹಾಕಿದ್ದ ಷರತ್ತು ಓದಿದರು: ಆರ್‌ಸಿ ಒಪ್ಪಿಸಬೇಕು, ಕ್ಯಾಂಪಿನ ಮನೆ ಬಿಡಬೇಕು. 'ವಕೀಲರೇ, ನಾನು ಭಾರತೀಯನಾದರೆ ಟಿಬೆಟ್ ಕೇಳುವವರು ಯಾರು' ಅಂದುಬಿಟ್ಟರು. ಅಲ್ಲಿಗೆ ಮುಗೀತು.

ಬೆಂಗಳೂರಿನಲ್ಲಾದರೆ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ. ಮೈಸೂರಿನಲ್ಲಿ ಒಳಾಂಗಣ ಸಭೆಯಾದರೂ ಠಾಣೆಗೆ ಪತ್ರ ಕೊಟ್ಟು, ನಕಲಿನ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ನಾನಿಲ್ಲದೆ ಏನೂ ಮಾಡಬೇಡಿ ಅಂತ ಹೇಳುತ್ತಿಲ್ಲ, ಆದರೆ ಒಬ್ಬ ವಕೀಲನಿಲ್ಲದೆ ಮಾಡಬೇಡಿ.

ಮುಂಡಗೋಡ_ಕಿರಾಣಿ:
ವಕೀಲ್ ಸಾಹೇಬ್ರೇ, 2005ರಲ್ಲಿ ಚೀನಾದ ಪ್ರಧಾನಿ ವೆನ್ ಜಿಯಾಬಾವೊ ಬಂದಾಗ ಟಿಬೆಟಿಯನ್ ಹೋರಾಟಗಾರ ತೆನ್ಜಿನ್ ತ್ಸುಂಡೂ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಗೋಪುರ ಹತ್ತಿ ಬ್ಯಾನರ್ ಬಿಟ್ಟರಲ್ಲ, ಅವತ್ತು ಯಾವ ನೋಟರಿ ಸಹಿ ಹಾಕಿದ್ದ ರೀ?

ನಮ್ಮ ಕಡೆ 1966ರಲ್ಲಿ ಟಿಬೆಟಿಯನ್ನರು ಬಂದಾಗ ಸುಮಾರು 4000 ಎಕರೆ ಕಾಡು. ನಮ್ಮಪ್ಪ ಅವರ ಜೊತೆ ಬೇರು ಕಿತ್ತವರು. ಗೋವಿನಜೋಳ ಬಿತ್ತೋದು ಕಲಿಸಿದವರು. ಹಂಗಾಗಿ 1959ರ ದಂಗೆ ನೆನೆಯುವ ಮಾರ್ಚ್ 10ರ ಮೆರವಣಿಗೆಗೆ ಚಹಾ ನಮ್ಮ ಅಂಗಡಿದೇ. ಅದು ನಮ್ಮ ಮನೆ ಪದ್ಧತಿ, ಯಾರೂ ಹೇಳಬೇಕಿಲ್ಲ. ಒಂದು ವರ್ಷ ದೊಡ್ಡ ಊರಿಂದ ಒಂದು ಬೆಂಬಲ ಗುಂಪು ಬಂತು. ಮುನ್ನೂರು ಚಹಾ, ಏಳು ರೂಪಾಯಿಯಂತೆ 2100. ನೀರಿನ ಕ್ಯಾನು 600. ಟೆಂಪೋ 3500, ಡೀಸೆಲ್ ಬೇರೆ. 'ಲೆಕ್ಕ ಕಳಿಸಿ ಅಣ್ಣ, ಹಾಕಿಬಿಡ್ತೀವಿ' ಅಂದರು. ಕಳಿಸಿದೆ. ಆಮೇಲೆ ಫೋನೇ ಎತ್ತಲಿಲ್ಲ. ಟೆಂಪೋ ಮಾಲೀಕ ನನ್ನ ಸೋದರಮಾವ. ಇವತ್ತಿಗೂ ಮದುವೆ ಮನೆಯಲ್ಲಿ ಎಲ್ಲರ ಮುಂದೆ ಆ 3500 ಕೇಳ್ತಾನೆ.

ದುಡ್ಡು ಹೋಗಲಿ. ಅವರ ಬ್ಯಾನರ್ ಎಷ್ಟು ದೊಡ್ಡದು ಅಂದರೆ ಟಿಬೆಟಿನ ಹಿಮಸಿಂಹದ ಬಾವುಟ ಹಿಂದೆ ಮುಚ್ಚಿಹೋಯಿತು. ಮೈಕ್ ಹಿಡಿದು ಒಂದು ತಾಸು ಇವರೇ ಮಾತಾಡಿದರು. ಬಿಸಿಲಲ್ಲಿ ನಿಂತ ಮುದುಕಿಯರಿಗೆ ಒಂದಕ್ಷರ ತಿಳಿಯಲಿಲ್ಲ. ಪೇಪರಿನಲ್ಲಿ ಬಂದಿದ್ದೂ ಇವರ ಮುಖವೇ. ತಮ್ಮಾ, ಸಹಿ ಹಾಕು, ಕುರ್ಚಿ ಹಾಕು, ಮೈಕ್ ಹಿಡಿಬೇಡ.

ಕಪ್ಪುಕೋಟು_ಬೆಂಗಳೂರು:
ತ್ಸುಂಡೂ ಅವರು ಎಷ್ಟು ಸಲ ಒಳಗೆ ಹೋಗಿ ಬಂದಿದ್ದಾರೆ ಅಂತ ನಿಮಗೆ ಗೊತ್ತೇ? ಅವರು ಲೆಕ್ಕ ಹಾಕಿಯೇ ಹತ್ತಿದವರು. ಸೆಮಿಸ್ಟರ್ ಮಧ್ಯದಲ್ಲಿರುವ ಹುಡುಗರನ್ನು ಗೋಪುರ ಹತ್ತಿಸಿ ನೀವು ಚಹಾ ಮಾರುತ್ತೀರಾ?

ಮುಂಡಗೋಡ_ಕಿರಾಣಿ:
ಮಾರಿಲ್ಲ ರೀ, ಕೊಟ್ಟಿದ್ದು. ಅದೇ ತಾನೇ ಹೇಳ್ತಿರೋದು.

ಸರಸ್ವತಿಪುರಂ_ಆಂಟಿ:
ಟಿಬೆಟಿಯನ್ನರಿಗೆ ಕ್ಯಾಂಪ್ ಇದೆ, ಮಠ ಇದೆ, ಅವರದೇ ಆಡಳಿತ ಇದೆ. ನಮ್ಮ ಮನೆ ಮಹಡಿಯಲ್ಲಿ ಬಾಡಿಗೆಗೆ ಇದ್ದ ಅಫ್ಘನ್ ಹೆಣ್ಣುಮಕ್ಕಳಿಗೆ ಏನಿತ್ತು? 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಬಿತ್ತು. ಮನೆಯಿಂದ ದುಡ್ಡು ನಿಂತಿತು. ನಾನು ಬಾಡಿಗೆ ಕೇಳಲಿಲ್ಲ, ತಿಂಗಳಿಗೆ 8500ರಂತೆ. ನಮ್ಮ ಯಜಮಾನರು ಮೂರು ತಿಂಗಳು ಮುಖ ಊದಿಸಿಕೊಂಡಿದ್ದರು.

ಅಲ್ಲಿ ಆರನೇ ಕ್ಲಾಸಿನ ಮೇಲೆ ಹೆಣ್ಣುಮಕ್ಕಳಿಗೆ ಶಾಲೆ ಇಲ್ಲ. 2022ರ ಡಿಸೆಂಬರ್‌ನಲ್ಲಿ ಯೂನಿವರ್ಸಿಟಿಯೂ ಹೋಯಿತು. ಅವತ್ತು ಈ ಹುಡುಗಿಯರು ಏನಾದರೂ ಮಾಡಲೇಬೇಕು ಅಂದರು. ನಾನೂ ಸರಿ ಅಂದೆ. ಮೊದಲ ಜಗಳ ಬಾವುಟದ್ದು. ಹಳೆ ಮೂರು ಬಣ್ಣದ ಬಾವುಟ ಹಿಡಿದರೆ ಊರಲ್ಲಿರುವ ಅಪ್ಪನಿಗೆ ತೊಂದರೆ, ಹಿಡಿಯದಿದ್ದರೆ ಇಲ್ಲಿನ ಅಫ್ಘನ್ ಹುಡುಗರಿಂದ ಬೈಗುಳ. ಎರಡನೇದು ಮುಖ ತೋರಿಸುವುದೋ ಬೇಡವೋ ಅಂತ. ಕೊನೆಗೆ ಹದಿಮೂರು ಖಾಲಿ ಕುರ್ಚಿ ಇಟ್ಟು, ಪ್ರತಿಯೊಂದರ ಮೇಲೂ ಒಂದು ಪುಸ್ತಕ ಇಟ್ಟೆವು. ಯಾರೂ ಎದುರು ನಿಲ್ಲಲಿಲ್ಲ, ಬರೆದದ್ದನ್ನು ನನ್ನ ಮಗಳು ಓದಿದಳು. ಕುರ್ಚಿ ಬಾಡಿಗೆ 130, ಅದೊಂದೇ ಅಗ್ಗ. ಕಾಬೂಲಿ ಪುಲಾವ್ ಮಾಡಿದೆವು, ಎರಡು ಕೆಜಿ ಒಣದ್ರಾಕ್ಷಿ, ಮಟನ್, ಎಲ್ಲ ಸೇರಿ 11,000. ಬಂದವರು ಉಂಡರು, ಕೈ ತೊಳೆದರು, ಓದುವ ಹೊತ್ತಿಗೆ ಅರ್ಧ ಜನ ಇರಲಿಲ್ಲ. ಅದು ನನಗಿನ್ನೂ ಉರಿಯುತ್ತದೆ. ಊಟ ಕೊನೆಗಿಡಿ. ಇಲ್ಲ, ಕೊಡಲೇಬೇಡಿ.

2023ರ ನವೆಂಬರ್‌ನಲ್ಲಿ ದೆಹಲಿಯ ಹಳೆ ರಾಯಭಾರ ಕಚೇರಿಯೂ ಮುಚ್ಚಿತು. ಪಾಸ್‌ಪೋರ್ಟ್ ಅವಧಿ ಅವತ್ತು ಮುಗಿದಿದ್ದರೆ ಯಾರ ಬಾಗಿಲು ತಟ್ಟಬೇಕಿತ್ತು? ಇಲ್ಲಿ ನೋಡಿದರೆ ಫ್ಲೆಕ್ಸಿನ ಅಕ್ಷರ ಉದುರಿದ್ದಕ್ಕೆ ಗೋಳಾಡುತ್ತಿದ್ದೀರಿ.

ಕುಶಾಲನಗರದ_ಮೇಷ್ಟ್ರು:
ಒಬ್ಬರ ಕಷ್ಟ ದೊಡ್ಡದು ಅಂತ ಇನ್ನೊಬ್ಬರದು ಚಿಕ್ಕದಾಗುವುದಿಲ್ಲ ತಾಯಿ. ಮತ್ತೆ, ಮಟನ್ ಹಾಕಿದರೆ 11,000 ಆಗದೆ ಇನ್ನೇನು?

ಸರಸ್ವತಿಪುರಂ_ಆಂಟಿ:
ಮಟನ್ ಇಲ್ಲದ ಕಾಬೂಲಿ ಪುಲಾವ್ ನಿಮ್ಮ ಗೋಡೌನಿನಲ್ಲಿ ಮಾಡಿಕೊಳ್ಳಿ.

ಪಾರ್ಕ್‌ಡೇಲ್_ಅಕ್ಕ:
ಎಂಎ ತಮ್ಮಾ, ದುಡ್ಡು ಸಾಲದಿದ್ದರೆ ಹೇಳು. ನಾನು ಇಲ್ಲಿಂದ 25,000 ಕಳಿಸುತ್ತೇನೆ.

ಲೆಕ್ಕಪತ್ರ_ಹುಬ್ಬಳ್ಳಿ:
ನಿಲ್ಲಿ, ನಿಲ್ಲಿ. ಅಕ್ಕ, ನಿಮ್ಮ ಹತ್ತಿರ ಈಗ ಯಾವ ಪಾಸ್‌ಪೋರ್ಟ್ ಇದೆ? ಕೆನಡಾದ್ದಾದರೆ ಒಸಿಐ ಕಾರ್ಡ್ ಇದ್ದರೂ ನೀವು ವಿದೇಶಿ ಮೂಲ. ಭಾರತದ್ದಾದರೆ ಮಾತು ಬೇರೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯಿದೆ) ನೋಂದಣಿ ಇಲ್ಲದ ಗುಂಪಿಗೆ ಆ ದುಡ್ಡು ಬಂದರೆ ಈ ಹುಡುಗರಿಗೆ ತಲೆನೋವು. ನೋಂದಣಿ ಇರುವ ಸಂಸ್ಥೆಯ ಮೂಲಕ ದಾಟಿಸೋಣ ಅನ್ನಬೇಡಿ, 2020ರ ತಿದ್ದುಪಡಿ ನಂತರ ಒಂದು ಸಂಸ್ಥೆ ಇನ್ನೊಂದಕ್ಕೆ ಆ ದುಡ್ಡು ಕೊಡುವಂತಿಲ್ಲ. ಖಾತೆಯೂ ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯಲ್ಲಿ. ನಾನು ಲೆಕ್ಕ ಬರೆಯುತ್ತಿದ್ದ ಒಂದು ಸಂಸ್ಥೆ ಇದರಲ್ಲೇ ಮುಚ್ಚಿತು. ನಾಲ್ಕು ಜನರ ಸಂಬಳ, ನನ್ನ 18,000 ಬಾಕಿ, ಒಂದು ಪ್ರಿಂಟರು ಮಾತ್ರ ನನ್ನ ಪಾಲಿಗೆ ಬಂತು. ಅದೂ ಕೆಟ್ಟಿದೆ.

ಪಾರ್ಕ್‌ಡೇಲ್_ಅಕ್ಕ:
ಕೆನಡಾದ್ದೇ. ಬೈಲಕುಪ್ಪೆಗೆ ಹೋಗಿ ಉಳಿಯುವುದಕ್ಕೂ ನನಗೀಗ ವಿಶೇಷ ಅನುಮತಿ ಬೇಕು. ಹುಟ್ಟಿದ್ದು ಪಿರಿಯಾಪಟ್ಟಣ! ದುಡ್ಡು ಕೊಟ್ಟರೂ ತಪ್ಪು. ಆಯಿತು, ಪತ್ರವನ್ನಾದರೂ ತಿದ್ದಿಕೊಡುತ್ತೇನೆ, ಅದಕ್ಕೆ ಕಾಯಿದೆ ಇಲ್ಲ ತಾನೇ?

ಲೆಕ್ಕಪತ್ರ_ಹುಬ್ಬಳ್ಳಿ:
ವ್ಯಾಕರಣ ತಿದ್ದುವುದಕ್ಕೆ ಇನ್ನೂ ಬಂದಿಲ್ಲ.

ಕಪ್ಪುಕೋಟು_ಬೆಂಗಳೂರು:
ಪತ್ರ ಕಳಿಸುವ ಮುಂಚೆ ನನಗೆ ತೋರಿಸಿ. ಮತ್ತೆ ಗೊತ್ತಿಲ್ಲದವರ ಲಿಂಕ್ ಒತ್ತಬೇಡಿ. 2019ರಲ್ಲಿ ಟಿಬೆಟಿಯನ್ ಸಂಘಟನೆಗಳವರ ಫೋನಿಗೆ ವಾಟ್ಸಾಪಿನಲ್ಲೇ ಲಿಂಕ್ ಕಳಿಸಿ ಒಳಗೆ ನುಗ್ಗಲು ನೋಡಿದ್ದು ಬಯಲಾಗಿತ್ತು.

ಎಂಎ_ಮೈಸೂರು:
ಎಲ್ಲರಿಗೂ ಧನ್ಯವಾದ. ಗೆಳೆಯರಿಗೆ ಎಲ್ಲ ಓದಿ ಹೇಳಿದೆ. ಅವರು ಹೇಳಿದ್ದು: ಪಂಚೆನ್ ಲಾಮಾ ಹುಡುಗನ ಆ ಒಂದು ಫೋಟೋ ಬಿಟ್ಟು ಬೇರೆ ಯಾರ ಮುಖವೂ ಬೇಡ, ಮಾತಾಡುವವರು ಅವರಿಬ್ಬರೇ, ಅದರಲ್ಲಿ ಒಬ್ಬರು ಕನ್ನಡದಲ್ಲಿ. ಸಹಿ ನನ್ನದು ಮತ್ತು ನನ್ನ ರೂಮ್‌ಮೇಟ್‌ದು. ಊಟ ಇಲ್ಲ, ಚಹಾ ಮಾತ್ರ. ಸಭಾಂಗಣಕ್ಕೆ ಇನ್ನೂ ಮುಂಗಡ ಕೊಟ್ಟಿಲ್ಲ. ಅಪ್ಪನಿಗೆ ಹೇಳಿದೆ, 'ಪರೀಕ್ಷೆ ಯಾವಾಗ' ಅಂತ ಕೇಳಿದರು. ಮೈಸೂರಿನಲ್ಲಿ ಯಾರ ಹತ್ತಿರವಾದರೂ ಪ್ರೊಜೆಕ್ಟರ್ ಇದೆಯೇ?

ಸರಸ್ವತಿಪುರಂ_ಆಂಟಿ:
ನಮ್ಮ ಮನೆಯಲ್ಲಿದೆ, ಬಂದು ತಗೊಂಡು ಹೋಗಪ್ಪ. ಹದಿಮೂರು ಕುರ್ಚಿ ಬಾಡಿಗೆಗೆ ಕೊಟ್ಟವರ ನಂಬರೂ ಕೊಡುತ್ತೇನೆ. ಆ ಮೇಷ್ಟ್ರನ್ನು ಅಧ್ಯಕ್ಷರು ಮಾಡಿದರೆ ಮಾತ್ರ ಪ್ರೊಜೆಕ್ಟರ್ ಇಲ್ಲ.

ಕುಶಾಲನಗರದ_ಮೇಷ್ಟ್ರು:
ನಾನು ಅಧ್ಯಕ್ಷ ಅಂತ ಯಾರು ಹೇಳಿದ್ದು? ಬಸ್ಸಿಗೆ ಬರುತ್ತೇನೆ, ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಫ್ಲೆಕ್ಸ್ ಮಾತ್ರ ನನಗೆ ತೋರಿಸಿಯೇ ಪ್ರಿಂಟಿಗೆ ಕೊಡಬೇಕು.