ಅಪ್‌ಡೇಟ್: ಸೈಕಲ್ಲಿನ ಮುಂದಿನ ಫೋರ್ಕ್ ಕೊನೆಗೂ ಮೆತ್ತಗಾಯಿತು

ಹೋದ ವಾರ ಕೇಳಿದ್ದೆನಲ್ಲ, ಬೆಂಗಳೂರಿನ ತುರಹಳ್ಳಿ ಕಾಡಿನ ಕಲ್ಲುದಾರಿಯಲ್ಲಿ ನನ್ನ ಎಂಟಿಬಿಯ (ಮೌಂಟನ್ ಬೈಕಿನ) ಏರ್ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದು ಒಳಗಿನ ಗಾಳಿಯಿಂದ ಕುಲುಕಾಟ ತಗ್ಗಿಸುವ ಭಾಗ, ಕುಗ್ಗುವುದೇ ಇಲ್ಲ, ಮಣಿಕಟ್ಟು ನೋಯುತ್ತದೆ ಅಂತ. ಈಗ ಸರಿಹೋಗಿದೆ.

ಟೈರಿನ ಗಾಳಿ ಇಳಿಸಿ ನೋಡಿದೆ. ಹಿಡಿತ ಹೆಚ್ಚಿತು, ನೋವು ಹಾಗೇ ಇತ್ತು. ಫೋರ್ಕ್ ಬಿಚ್ಚಿ ಎಣ್ಣೆ ಬದಲಿಸುವ ಅಗತ್ಯ ಬೀಳಲಿಲ್ಲ. ಕೆಲಸ ಮಾಡಿದ್ದು "ಮೊದಲು ಸ್ಯಾಗ್ ಅಳೆಯಿರಿ" ಎಂದವರ ಸಲಹೆ. ಸ್ಯಾಗ್ ಅಂದರೆ ಸವಾರನ ಭಾರಕ್ಕೇ ಫೋರ್ಕ್ ಎಷ್ಟು ಕುಗ್ಗುತ್ತದೆ ಅನ್ನುವ ಅಳತೆ. ಹೆಲ್ಮೆಟ್, ನೀರಿನ ಬ್ಯಾಗ್ ಸಮೇತ ಪೆಡಲ್ ಮೇಲೆ ನಿಂತು, ಫೋರ್ಕಿನ ರಬ್ಬರ್ ರಿಂಗ್ ಎಷ್ಟು ಸರಿಯಿತು ಅಂತ ಅಳೆದೆ. ಪೂರ್ತಿ ಒತ್ತಿದರೆ 120 ಮಿ.ಮೀ. ಕುಗ್ಗುವ ಫೋರ್ಕ್ ಹೀಗೆ ನಿಂತಾಗ ಸುಮಾರು 24ರಿಂದ 30 ಮಿ.ಮೀ. ಕುಗ್ಗಬೇಕು. ನನ್ನದು ಬರೀ 11! ಶಾಕ್ ಪಂಪ್ (ಫೋರ್ಕಿಗೆ ಗಾಳಿ ತುಂಬುವ ಪಂಪ್) ಹಾಕಿ ಗಾಳಿಯ ಒತ್ತಡವನ್ನು 5 ಪಿಎಸ್‌ಐನಂತೆ ಇಳಿಸುತ್ತಾ ಹೋದೆ, ಸ್ಯಾಗ್ 26 ಮಿ.ಮೀ.ಗೆ ಬಂತು. ಆಮೇಲೆ ಫೋರ್ಕ್ ಮೇಲೇಳುವುದು ನಿಧಾನವಾಯಿತು. ಮೇಲೇಳುವ ವೇಗ ಹೊಂದಿಸುವ ರಿಬೌಂಡ್ ಗುಂಡಿಯನ್ನು ಎರಡು ಕ್ಲಿಕ್ ಮೊಲದ ಚಿತ್ರದ ಕಡೆ, ಅಂದರೆ ವೇಗದ ಕಡೆ, ತಿರುಗಿಸಿದೆ, ಅಷ್ಟೇ.

ಗೊತ್ತೇ ಇರದ ವಿಷಯವೊಂದಿತ್ತು. ಪಂಪ್ ಕಳಚುವಾಗ ಬರುವ "ಪುಸ್" ಸದ್ದು ಪಂಪಿನ ಕೊಳವೆಯ ಗಾಳಿಯದ್ದು, ಫೋರ್ಕಿನದ್ದಲ್ಲ. ಮತ್ತೆ ಜೋಡಿಸಿದಾಗ ಮೀಟರ್ ಕಮ್ಮಿ ತೋರಿಸುವುದು ಖಾಲಿ ಕೊಳವೆಗೆ ಗಾಳಿ ತುಂಬುವುದರಿಂದ. ಗಾಳಿ ಸೋರಿತು ಅಂದುಕೊಂಡು ನಾನು ಪ್ರತಿ ಸಲ ಜಾಸ್ತಿ ತುಂಬುತ್ತಿದ್ದೆ. ತೊಂದರೆ ಶುರುವಾಗಿದ್ದೇ ಅಲ್ಲಿ. ಸ್ಯಾಗ್ ಬಗ್ಗೆ ಹೇಳಿದವರಿಗೆ ತುಂಬಾ ಥ್ಯಾಂಕ್ಸ್.