ಶಾಸ್ತ್ರಿಗಳು ಎಷ್ಟು ಸಲ ಹೊರದೇಶಕ್ಕೆ ಹೋಗಿದ್ದರು?

ಕಳೆದ ಭಾನುವಾರ ಬೆಳಿಗ್ಗೆ ಆರೂ ಹತ್ತಕ್ಕೆ ನಮ್ಮ ‘ದೊಡ್ಡಮನೆ’ ವಾಟ್ಸಾಪ್ ಗುಂಪಿಗೆ ಶಿವಮೊಗ್ಗದ ಚಿಕ್ಕಪ್ಪ ಒಂದು ಚಿತ್ರ ಹಾಕಿದರು. ಲಾಲ್ ಬಹದ್ದೂರ್ ಶಾಸ್ತ್ರಿಗಳ ಫೋಟೊ, ಅದರ ಹಿಂದೆ ತ್ರಿವರ್ಣ, ಕೆಳಗೆ ಹಳದಿ ಅಕ್ಷರ: “ಪ್ರಧಾನಿಯಾಗಿದ್ದ 19 ತಿಂಗಳಲ್ಲಿ ಒಂದೇ ಒಂದು ವಿದೇಶ ಪ್ರವಾಸ. ಅಲ್ಲಿಂದ ಜೀವಂತ ಮರಳಲಿಲ್ಲ. ಇಂದಿನವರ ಪ್ರವಾಸಗಳನ್ನು ಎಣಿಸಿ ನೋಡಿ. ನಿಜವಾದ ಭಾರತೀಯರಾದರೆ ಹತ್ತು ಜನರಿಗೆ ಕಳಿಸಿ.”

ಏಳು ಗಂಟೆಯೊಳಗೆ ಹನ್ನೊಂದು ಮಂದಿ ಕೈಮುಗಿದಿದ್ದರು.

ದೊಡ್ಡಪ್ಪ: ಇಂಥವರು ಮತ್ತೆ ಹುಟ್ಟುವುದಿಲ್ಲ. ಇದ್ದಲ್ಲೇ ಇದ್ದು ದೇಶ ಕಟ್ಟಿದರು. ಈಗಿನವರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ರಾಜಕಾರಣಿಗಳು ಮಾತ್ರವಲ್ಲ, ನಮ್ಮ ಮನೆಯವರೂ ಅಷ್ಟೇ.

ತಮ್ಮ: ಚಿಕ್ಕಪ್ಪ, ಇದಕ್ಕೆ ಆಧಾರ ಏನು?

ಚಿಕ್ಕಪ್ಪ: ನಿವೃತ್ತ ತಹಶೀಲ್ದಾರರೊಬ್ಬರು ಕಳಿಸಿದ್ದು.

ತಮ್ಮ: ಅವರಿಗೆ ಯಾರು ಕಳಿಸಿದರು?

ಚಿಕ್ಕಪ್ಪ: ಆಧಾರ ಕೇಳುವುದು ನಿನ್ನ ಹುಟ್ಟುಗುಣ. ಅಜ್ಜನ ಶ್ರಾದ್ಧದ ದಿನ ಪುರೋಹಿತರನ್ನೇ ಆಧಾರ ಕೇಳಿ, ಎಲೆ ಹಾಕುವಾಗ ಮೂರು ಗಂಟೆ ಮಾಡಿದವನು ನೀನು.

ತಮ್ಮ: ಕೊರೊನಾ ಕಾಲದಲ್ಲಿ ಈರುಳ್ಳಿ, ಕಲ್ಲುಪ್ಪಿನ ಔಷಧಿ ಕಳಿಸಿದವರೂ ಅದೇ ತಹಶೀಲ್ದಾರರೇ?

ಇಲ್ಲಿಂದ ಸುಮಾರು ಇಪ್ಪತ್ತು ಸಂದೇಶ ಈರುಳ್ಳಿಯ ಮೇಲೆಯೇ ನಡೆಯಿತು. ಚಿಕ್ಕಮ್ಮ ತಮಗೆ ಅದರಿಂದ ಗುಣವಾಗಿತ್ತು ಎಂದರು. ಎಂಟು ಗಂಟೆಗೆ ತಮ್ಮ ಒಂದು ಪಟ್ಟಿ ಹಾಕಿದ. 1964ರ ಅಕ್ಟೋಬರಿನಲ್ಲಿ ಅಲಿಪ್ತ ದೇಶಗಳ ಸಮ್ಮೇಳನಕ್ಕೆ ಕೈರೋ, ಬರುವಾಗ ಕರಾಚಿಯಲ್ಲಿ ಇಳಿದು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರೊಂದಿಗೆ ಮಾತುಕತೆ. ಡಿಸೆಂಬರಿನಲ್ಲಿ ಲಂಡನ್. 1965ರ ಏಪ್ರಿಲಿನಲ್ಲಿ ನೇಪಾಳ, ಮೇ ತಿಂಗಳಲ್ಲಿ ಮಾಸ್ಕೋ, ಜೂನಿನಲ್ಲಿ ಕೆನಡಾ ಮತ್ತು ಮತ್ತೆ ಲಂಡನ್, ಜುಲೈನಲ್ಲಿ ಯುಗೋಸ್ಲಾವಿಯಾ, ಡಿಸೆಂಬರಿನಲ್ಲಿ ಬರ್ಮಾ. ಕೊನೆಗೆ ತಾಷ್ಕೆಂಟ್. ‘ಒಂದೇ ಒಂದು’ ಎಂಬುದು ಶುದ್ಧ ಸುಳ್ಳು ಎಂದು ಅವನು ಕೊನೆಯಲ್ಲಿ ಸೇರಿಸಿದ್ದ. ಈಗಿನವರ ಲೆಕ್ಕ ಬೇಕಾದವರು ಪ್ರಧಾನಿ ಕಚೇರಿಯ ಜಾಲತಾಣ ತೆರೆಯಬಹುದು, ಬಾಡಿಗೆ ವಿಮಾನದ ಖರ್ಚೂ ಅಲ್ಲಿದೆ ಎಂದೂ ಹೇಳಿದ್ದ.

ದೊಡ್ಡಪ್ಪ ಅರ್ಧ ನಿಮಿಷದಲ್ಲಿ ಉತ್ತರಿಸಿದರು. ಅಷ್ಟರಲ್ಲಿ ಆ ಪಟ್ಟಿಯ ಕಾಲು ಭಾಗವನ್ನೂ ಓದಿ ಮುಗಿಸಲಾಗದು.

ದೊಡ್ಡಪ್ಪ: ಶಾಸ್ತ್ರಿಗಳ ಮೇಲೆ ಸುಳ್ಳಿನ ಆರೋಪ ಹೊರಿಸಬೇಡ. ನಿನ್ನ ಅಜ್ಜ ಇದ್ದಿದ್ದರೆ ಕೆನ್ನೆಗೆ ಬಾರಿಸುತ್ತಿದ್ದರು.

ತಮ್ಮ ಶಾಸ್ತ್ರಿಗಳ ಮೇಲೆ ಏನನ್ನೂ ಹೊರಿಸಿರಲಿಲ್ಲ. ಸುಳ್ಳು ಆ ಚಿತ್ರದ್ದು. ನನಗೆ ನಿಜಕ್ಕೂ ಸಂಕಟವಾಯಿತು, ಏಕೆಂದರೆ ನಮ್ಮ ಮನೆಯಲ್ಲಿ ಶಾಸ್ತ್ರಿಗಳೆಂದರೆ ಎಲ್ಲರಿಗೂ ಅಷ್ಟು ಪ್ರೀತಿ. ನಡುಮನೆಯ ಗೋಡೆಯಲ್ಲಿ ದೇವರ ಪಟಗಳ ಸಾಲಿಗೆ ಅವರ ಪಟವಿತ್ತು. ಅಷ್ಟು ಪ್ರೀತಿಸಿದವರ ಬಗ್ಗೆ ಇಷ್ಟು ಕಡಿಮೆ ತಿಳಿದುಕೊಂಡು ಉಳಿದೆವಲ್ಲ ಎನಿಸಿತು.

ಅಷ್ಟರಲ್ಲಿ ಸಾಗರದ ಅತ್ತೆ ಬಂದರು.

ಅತ್ತೆ: ಅಣ್ಣ, ಬೆಳಿಗ್ಗೆ ‘ನಮ್ಮ ಮನೆಯವರೂ ಅಷ್ಟೇ’ ಎಂದೆಯಲ್ಲ, ಅದು ಯಾರಿಗೆ?

ದೊಡ್ಡಪ್ಪ: ನಾನು ಯಾರ ಹೆಸರನ್ನೂ ಹೇಳಿಲ್ಲ.

ಅತ್ತೆ: ಹೇಳಬೇಕಾಗಿಲ್ಲ. ಈ ಮನೆಯಲ್ಲಿ ಮೂರು ಸಲ ಅಮೆರಿಕಕ್ಕೆ ಹೋದವಳು ನಾನೊಬ್ಬಳೇ. ಎರಡು ಸಲ ಮಗಳ ಬಾಣಂತನ, ಒಂದು ಸಲ ಅವಳ ಶಸ್ತ್ರಚಿಕಿತ್ಸೆ. ನಾನು ಊರು ನೋಡಲು ಹೋದವಳಲ್ಲ. ತೋಟದ ಪಾಲಿನ ದಿನವೂ ‘ಅವಳು ಹೇಗೂ ಅಮೆರಿಕದಲ್ಲಿರುತ್ತಾಳೆ’ ಎಂದವನು ನೀನೇ.

ದೊಡ್ಡಪ್ಪ: ಪಾಲಿನ ಮಾತು ಇಲ್ಲಿ ಬೇಡ. ಮಕ್ಕಳಿದ್ದಾರೆ.

ಅತ್ತೆ: ಎಷ್ಟು ಸಲ ಹೋದಳು ಎಂದು ಎಣಿಸುವ ಮೊದಲು, ಯಾಕೆ ಹೋದಳು ಎಂದು ಒಮ್ಮೆಯಾದರೂ ಕೇಳಿದೆಯಾ?

ಅತ್ತೆಯ ಈ ಪ್ರಶ್ನೆಯನ್ನು ನಾನು ಎರಡು ಸಲ ಓದಿದೆ. ಪ್ರಧಾನಿಯ ಪ್ರವಾಸದ ಬಗ್ಗೆ ಕೇಳಬೇಕಾದದ್ದೂ ಇದನ್ನೇ: ಯಾಕೆ ಹೋದರು, ಏನು ತಂದರು, ಏನು ಬಿಟ್ಟುಕೊಟ್ಟರು. ಸಾಮಾನ್ಯವಾಗಿ ಗುಂಪಿನಲ್ಲಿ ಹಬ್ಬದ ಶುಭಾಶಯ ಬಿಟ್ಟು ಬೇರೇನೂ ಬರೆಯದ ನಾನು, ಅಡುಗೆಮನೆಯಲ್ಲಿ ದೋಸೆ ಕಾವಲಿ ಇಳಿಸಿ, ನಿಂತಲ್ಲೇ ಬರೆದೆ.

1965ರ ಜೂನಿನಲ್ಲಿ ಶಾಸ್ತ್ರಿಗಳು ಅಮೆರಿಕಕ್ಕೆ ಹೋಗಬೇಕಿತ್ತು. ಏಪ್ರಿಲಿನಲ್ಲಿ ಅಧ್ಯಕ್ಷ ಜಾನ್ಸನ್ ಅಯೂಬ್ ಖಾನರ ಭೇಟಿಯನ್ನೂ ಇವರ ಭೇಟಿಯನ್ನೂ ಒಟ್ಟಿಗೆ ಮುಂದೂಡಿದರು. ನಮ್ಮ ದೇಶಕ್ಕೆ ಆಗ ಅಮೆರಿಕದ ಗೋಧಿ ಬೇಕೇ ಬೇಕಿತ್ತು. ಹಡಗು ತಡವಾದರೆ ಪಡಿತರ ಅಂಗಡಿ ಖಾಲಿ. ಹಾಗಿದ್ದೂ ಶಾಸ್ತ್ರಿಗಳು ಪಕ್ಕದ ಕೆನಡಾಕ್ಕೆ ಹೋಗಿ ಬಂದರೇ ಹೊರತು ವಾಷಿಂಗ್ಟನ್ ಕಡೆ ತಿರುಗಲಿಲ್ಲ. ಅಲ್ಲಿಂದ ಲಂಡನ್ನಿಗೆ, ಕಾಮನ್‌ವೆಲ್ತ್ ಪ್ರಧಾನಿಗಳ ಸಭೆಗೆ. ಗುಜರಾತಿನ ಗಡಿಯ ಕಛ್ ರಣದಲ್ಲಿ ಪಾಕಿಸ್ತಾನದೊಂದಿಗೆ ಆಗತಾನೆ ಗುಂಡು ಹಾರಿದ್ದವು. ಬ್ರಿಟನ್ ಪ್ರಧಾನಿ ವಿಲ್ಸನ್ ನಡುವೆ ನಿಂತು, ಜೂನ್ 30ರಂದು ಕಛ್ ಒಪ್ಪಂದವಾಯಿತು. ಹೋಗದೆ ಉಳಿದ ಪ್ರವಾಸ ಒಂದು, ಹೋದ ಪ್ರವಾಸ ಒಂದು. ಎರಡರಲ್ಲೂ ಆ ಮನುಷ್ಯ ಕಾಣಿಸುತ್ತಾರೆ. ಬರೀ ಎಣಿಸಿದರೆ ಎರಡರಲ್ಲೂ ಕಾಣಿಸುವುದಿಲ್ಲ.

1965ರ ಯುದ್ಧದ ನಂತರ ಪಾಕಿಸ್ತಾನದೊಂದಿಗೆ ತಾಷ್ಕೆಂಟಿನಲ್ಲಿ ಆದ ಒಪ್ಪಂದದ ಬಗ್ಗೆಯೂ ಬರೆದೆ. ಆಗಸ್ಟಿನಲ್ಲಿ ನಮ್ಮ ಸೈನಿಕರು ಪ್ರಾಣ ಕೊಟ್ಟು ಹಿಡಿದ ಹಾಜಿ ಪೀರ್ ಕಣಿವೆಯನ್ನು ಆ ಒಪ್ಪಂದದಂತೆ ಬಿಟ್ಟು ಬರಬೇಕಾಯಿತು. ಎರಡೂ ಸೇನೆಗಳು 1966ರ ಫೆಬ್ರವರಿ 25ರೊಳಗೆ, ಹಿಂದಿನ ಆಗಸ್ಟ್ 5ಕ್ಕೆ ಮುಂಚೆ ಇದ್ದ ಜಾಗಕ್ಕೆ ಹಿಂದಿರುಗಬೇಕಿತ್ತು. ಅದು ಸರಿಯೋ ತಪ್ಪೋ ಎಂದು ಜಗಳವಾಡುವುದಾದರೆ ಆಡೋಣ, ಅದು ಮಾನದ ಜಗಳ ಎಂದು ಮುಗಿಸಿದೆ.

ಚಿಕ್ಕಪ್ಪ: ಪುಟ್ಟೀ, ಬಹಳ ಚೆನ್ನಾಗಿ ಬರೆದಿದ್ದೀಯ. ಅದನ್ನೇ ನಾನೂ ಬೆಳಿಗ್ಗೆ ಹೇಳಿದ್ದು.

ಸುಳ್ಯದ ಭಾವ ಮಾತ್ರ ಓದಿದ್ದರು ಎಂದು ಅವರ ಮಾತಿನಿಂದಲೇ ತಿಳಿಯಿತು.

ಭಾವ: ಹೊರಗೆ ಹೋಗದೆ ಮಾಡಿದ್ದನ್ನೂ ಸೇರಿಸು. 1964ರ ಅಕ್ಟೋಬರಿನಲ್ಲಿ ಸಿಂಹಳದ, ಎಂದರೆ ಈಗಿನ ಶ್ರೀಲಂಕಾದ, ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ದೆಹಲಿಗೇ ಬಂದು ಶಾಸ್ತ್ರಿಗಳ ಜೊತೆ ಸಹಿ ಹಾಕಿದರು. ಚಹಾ ತೋಟದ ತಮಿಳು ಕೂಲಿಗಳಲ್ಲಿ 5,25,000 ಜನರನ್ನು ಭಾರತ ಕರೆದುಕೊಳ್ಳಬೇಕು, 3,00,000 ಜನರಿಗೆ ಅಲ್ಲಿ ಪೌರತ್ವ. ನಮ್ಮ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟದಲ್ಲಿ ಮರದಿಂದ ಹಾಲು ಇಳಿಸುವ ಟ್ಯಾಪಿಂಗ್ ಮಾಡುವವರು ಹಾಗೆ ಬಂದವರು, ಅವರ ಮಕ್ಕಳು. ಬೆಳಗಿನ ಜಾವ ತಲೆಗೆ ದೀಪ ಕಟ್ಟಿಕೊಂಡು ಮರದಿಂದ ಮರಕ್ಕೆ ಹೋಗುವುದನ್ನು ನಮ್ಮ ಮನೆಯ ಅಂಗಳದಿಂದ ಕಾಣಬಹುದು. ಎಲ್ಲಿಗೆ ಹೋಗಬೇಕು ಎಂದು ಅವರನ್ನು ಯಾರೂ ಸರಿಯಾಗಿ ಕೇಳಿರಲಿಲ್ಲ.

ಈ ಮಾತಿಗೆ ಒಬ್ಬರೂ ಉತ್ತರಿಸಲಿಲ್ಲ. ಇಡೀ ದಿನದ ಚರ್ಚೆಯಲ್ಲಿ ನನಗೆ ಹೊಸದಾಗಿ ತಿಳಿದದ್ದು ಇದೊಂದೇ.

ಬದಲಿಗೆ ಹಾಸನದ ಷಡ್ಡಕರು, ಹಾಗಾದರೆ ನಮ್ಮ ದೇವೇಗೌಡರನ್ನು ಯಾಕೆ ಬಿಟ್ಟಿರಿ, 1996ರಲ್ಲಿ ಗಂಗಾ ನೀರಿನ ಒಪ್ಪಂದಕ್ಕೆ ಶೇಖ್ ಹಸೀನಾ ಅವರನ್ನು ದೆಹಲಿಗೇ ಕರೆಸಿದ್ದರಲ್ಲ ಎಂದರು. ಒಬ್ಬರು ಮನಮೋಹನ್ ಸಿಂಗರ 2005ರ ವಾಷಿಂಗ್ಟನ್ ಭೇಟಿ ತಂದರು, ಇನ್ನೊಬ್ಬರು ಮೋದಿಯವರು 2017ರಲ್ಲಿ ಇಸ್ರೇಲಿಗೆ ಹೋದ ಮೊದಲ ಪ್ರಧಾನಿ ಎಂದು ತಂದರು. ಆಮೇಲೆ ನಡೆದದ್ದು ಪ್ರತಿ ಚುನಾವಣೆಯಲ್ಲೂ ನಮ್ಮ ಮನೆಯಲ್ಲಿ ನಡೆಯುವುದೇ. ಇಬ್ಬರು ಗುಂಪು ಬಿಟ್ಟರು; ಮಧ್ಯಾಹ್ನದೊಳಗೆ ಅಕ್ಕ ಅವರನ್ನು ಮತ್ತೆ ಸೇರಿಸಿದಳು.

ಆಗ ಮಸ್ಕತ್ತಿನಲ್ಲಿರುವ ಅತ್ತೆಯ ಮಗ ಎದ್ದ.

ಅತ್ತೆಯ ಮಗ: ಅಜ್ಜ ಸೋಮವಾರ ರಾತ್ರಿ ಊಟ ಬಿಡುತ್ತಿದ್ದರಂತಲ್ಲ, ಅದು ಶಾಸ್ತ್ರಿಗಳ ಮಾತಿಗೇ ಅಲ್ಲವೇ? ಅಮ್ಮ ಹೇಳುತ್ತಿದ್ದಳು. ದೊಡ್ಡಮನೆಯ ಜಗಲಿ ನೆನಪಾಯಿತು. ಆ ಹಲಸಿನ ಹಪ್ಪಳ ಈಗ ಯಾರಾದರೂ ಮಾಡುತ್ತಾರಾ?

ಹಪ್ಪಳದ ಕಡೆಗೆ ಐದಾರು ಮಂದಿ ಹೊರಟರು. ಆದರೆ ಚಿಕ್ಕಪ್ಪ ಹೋಗಲಿಲ್ಲ.

ಚಿಕ್ಕಪ್ಪ: ನನಗಾಗ ಒಂಬತ್ತು ವರ್ಷ. ವಾರಕ್ಕೊಂದು ಹೊತ್ತು ಊಟ ಬಿಡಿ, ಧಾನ್ಯ ಉಳಿಯುತ್ತದೆ ಎಂದು ಶಾಸ್ತ್ರಿಗಳು ರೇಡಿಯೋದಲ್ಲಿ ಕೇಳಿಕೊಂಡಿದ್ದರು. ಅಪ್ಪ ಮನೆಮಂದಿಗೆಲ್ಲ ಸೋಮವಾರ ಒಪ್ಪತ್ತು ಮಾಡಿದರು. ರಾತ್ರಿ ಒಲೆ ಹಚ್ಚುವಂತಿಲ್ಲ. ನಾನು ಅಳುತ್ತಿದ್ದೆ. ಅಮ್ಮ ಹಿತ್ತಿಲ ಬಾಗಿಲಲ್ಲಿ ಕದ್ದು ಒಂದು ಹಿಡಿ ಅವಲಕ್ಕಿ, ಬೆಲ್ಲದ ಚೂರು ಕೊಡುತ್ತಿದ್ದಳು. ಅಪ್ಪನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ದೊಡ್ಡಪ್ಪ: ಗೊತ್ತಿತ್ತು. ನಿನ್ನ ಪಾಲಿಗೆಂದು ಅವರು ಗುರುವಾರ ರಾತ್ರಿಯೂ ಬಿಡುತ್ತಿದ್ದರು.

ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಬೆಳಗಿನಿಂದ ಅಷ್ಟು ಹೊತ್ತು ಗುಂಪು ಸುಮ್ಮನಿದ್ದದ್ದು ಅದೇ ಮೊದಲು. ಆಮೇಲೆ ದೊಡ್ಡಪ್ಪ ಒಂದು ಫೋಟೊ ಹಾಕಿದರು. ವಿಶ್ವಾವಸು ಸಂವತ್ಸರದ, ಎಂದರೆ 1965-66ರ ಪಂಚಾಂಗ, ಅಂಚು ಗೆದ್ದಲು ತಿಂದದ್ದು, ಪುಷ್ಯ ಬಹುಳದ ಪುಟ. ನಾನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಸೋಮವಾರ, ಜನವರಿ 10ರ ಮುಂದೆ ಅಜ್ಜನ ಸಣ್ಣ, ಬಲಕ್ಕೆ ವಾಲಿದ ಅಕ್ಷರ: ‘ಒಪ್ಪತ್ತು’. ಶಾಸ್ತ್ರಿಗಳು ತಾಷ್ಕೆಂಟಿನಲ್ಲಿ ಸಹಿ ಹಾಕಿದ ದಿನ. ಅದರ ಕೆಳಗೆ ಮಂಗಳವಾರದ ಸಾಲಿನಲ್ಲಿ ಶಾಯಿ ಕಲಸಿಹೋಗಿದೆ, ಆದರೂ ಓದಬಹುದು: ‘ಶಾಸ್ತ್ರಿಗಳು ಹೋದರು. ಇಂದೂ ಒಲೆ ಹಚ್ಚಲಿಲ್ಲ.’

ತಮ್ಮ ಎರಡು ಕೈ ಜೋಡಿಸಿದ ಚಿಹ್ನೆ ಕಳಿಸಿದ. ಅವನು ಗುಂಪಿನಲ್ಲಿ ಹಾಗೆ ಮಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಅತ್ತೆಯ ಹೆಸರಿನ ಕೆಳಗೆ ‘ಬರೆಯುತ್ತಿದ್ದಾರೆ’ ಎಂದು ಬಂತು, ನಿಂತಿತು, ಮತ್ತೆ ಬಂತು.

ಅತ್ತೆ: ಅಣ್ಣ, ಅಪ್ಪನ ಪಂಚಾಂಗಗಳೆಲ್ಲ ಪಾಲಿನ ಹೊತ್ತಿಗೆ ಗೆದ್ದಲು ತಿಂದು ಹೋದವು ಎಂದಿದ್ದೆಯಲ್ಲ. ಇದೊಂದು ಎಲ್ಲಿತ್ತು?